ವಾಪಸು ಬಂದ ಚೀಲ

"ಒಂದು ಟಿಕ್ಕು ಹಾಕೋಕೆ ನಿನ್ನ ಕೈ ಸೇದಿಹೋಗಿತ್ತೇನೇ?"

ಅಣ್ಣ ಕೂಗಿದ ಏಟಿಗೆ ಅಂಗಳದಲ್ಲಿದ್ದವರೆಲ್ಲ ಬಾಗಿಲ ಕಡೆ ತಿರುಗಿದರು.

"ಊರವರಿಗೆಲ್ಲ ಪ್ರಯಾಣದ ವಿಮೆ ಮಾರೋಳು ನೀನು. ಹೆತ್ತ ತಾಯಿ ಸತ್ತರೆ ಮನೆಗೆ ತರೋ ವಿಮೆ ಹಾಕ್ಲಿಲ್ಲ. ಚೀಲಕ್ಕೆ ಹಾಕಿದೀಯ! ದೋಣಿಗೆ ಹಾಕಿದೀಯ!"

"ಮೆಲ್ಲಗೆ ಮಾತಾಡೋ. ಅಮ್ಮ ಮಲಗಿದಾಳೆ," ಅಂದಳು ತಂಗಿ.

"ಮಲಗಿದಾಳಂತೆ! ವ್ಯಾನು ಮಾರಿ ಕರಕೊಂಡು ಬಂದೆ ಕಣೇ ನಾನು!"

ಅದು ಸುಳ್ಳಲ್ಲ. ಆ ವ್ಯಾನೇ ಅವನ ಅನ್ನ. ಪರದೇಶದಲ್ಲಿ ಸತ್ತ ಅಮ್ಮನನ್ನು ಅಪ್ಪನ ಪಕ್ಕದಲ್ಲೇ ಮಲಗಿಸಬೇಕೆಂದು ಹಿಂದೆಮುಂದೆ ನೋಡದೆ ಮಾರಿದ್ದ. ಶವದ ಪೆಟ್ಟಿಗೆಯ ತಲೆದೆಸೆಯಲ್ಲಿ ಕುಳಿತಿದ್ದ ಚಿಕ್ಕಮ್ಮ ಸೆರಗಿನ ತುದಿಯನ್ನು ಹಿಂಡುತ್ತಿದ್ದಳು. ಸತ್ತವಳ ತಂಗಿ ಅವಳು. ಪ್ರವಾಸಕ್ಕೆ ಜೊತೆಯಲ್ಲಿ ಹೋಗಿ ಒಬ್ಬಳೇ ವಿಮಾನ ಇಳಿದವಳು. ಗಂಡ ಹೋದ ಮೇಲೆ ಇದೇ ಮನೆಯ ಹಿಂದಿನ ಕೋಣೆಯಲ್ಲಿ ಇವನ ಅನ್ನ ಉಂಡುಕೊಂಡಿದ್ದಳು.

"ನಾನು ಮರೆತಿದ್ದಲ್ಲ," ಅಂದಳು ತಂಗಿ. "ಅಮ್ಮನೇ ಬೇಡ ಅಂದಳು. ಅಪ್ಪನ ಪಕ್ಕ ಹಾಕಬೇಡಿ ಅಂದಳು. ಚಿಕ್ಕಮ್ಮ ಅಲ್ಲೇ ಕೂತಿದ್ದಳು. ಕೇಳು ಬೇಕಾದ್ರೆ."

ಅಷ್ಟೂ ಕಣ್ಣು ಚಿಕ್ಕಮ್ಮನ ಮೇಲೆ ಬಿತ್ತು.

*

ರೈಲು ನಿಲ್ದಾಣದ ಸಾಮಾನು ಕೋಣೆಯಲ್ಲಿ ಚಿಕ್ಕಮ್ಮನ ಅಕ್ಕ ತಲೆ ನೆರೆಯುವವರೆಗೆ ಕೆಲಸ ಮಾಡಿದ್ದಳು. ಪ್ರಯಾಣಿಕರು ಬಿಟ್ಟುಹೋಗುವ ಚೀಲಕ್ಕೆ ಕೆಂಪು ದಾರದಲ್ಲಿ ಚೀಟಿ ಕಟ್ಟುವುದು, ಅರ್ಧ ಚೀಟಿ ಹರಿದು ಅವರ ಕೈಗಿಡುವುದು, ವಾಪಸು ಕೇಳಿದಾಗ ಎತ್ತಿಕೊಡುವುದು. ಅವಳ ಗಂಟು ಬಿಚ್ಚಲು ಹಲ್ಲೇ ಬೇಕಾಗುತ್ತಿತ್ತು. ಸಂಜೆ ಅವಳ ಗಂಡ ಬಂದು ಕಿಟಕಿಯ ಮುಂದೆ ನಿಲ್ಲುತ್ತಿದ್ದ. ಅವನು ಮುಂದೆ, ಇವಳು ಹಿಂದೆ, ನೇರ ಮನೆಗೆ. ಎಲ್ಲಿಗಾದರೂ ಹೋಗೋಣ ಅಂದರೆ, "ರೈಲು ದಿನಾ ನೋಡ್ತೀಯಲ್ಲ, ಹತ್ತೋದೇನು ಬಂತು?" ಎನ್ನುತ್ತಿದ್ದ.

ಅವನು ತೀರಿಕೊಂಡ ಮೇಲೆ ಅಕ್ಕ ಚಿಕ್ಕಮ್ಮನನ್ನು ಎಳೆದುಕೊಂಡು ಮಗಳ ಆಫೀಸಿಗೆ ಹೋಗಿ, ಗಿರಾಕಿಗಳ ಕುರ್ಚಿಯಲ್ಲಿ ಠೀವಿಯಿಂದ ಕುಳಿತಿದ್ದಳು.

"ಚೀಲ ಕಳೆದುಹೋದ್ರೆ?" ಮಗಳು ಪರದೆ ನೋಡಿ ಕೇಳಿದಳು.

"ಹಾಕು. ಚೀಲದ ಹಣೆಬರಹ ನಂಗೊತ್ತು."

"ವಿಮಾನ ತಡವಾದ್ರೆ?"

"ಬೇಡ. ಕಾದು ರೂಢಿಯಿದೆ."

"ದೋಣಿ ವಿಹಾರ?"

"ಹಾಕು!"

"ಬಕೆಟ್ ನೀರಿಗೇ ಹೆದರೋಳು, ದೋಣಿಯಂತೆ!" ಚಿಕ್ಕಮ್ಮ ನಕ್ಕಿದ್ದಳು.

ಮಗಳು ಒಂದು ಸಾಲನ್ನು ದಾಟಿಸಿ ಮುಂದೆ ಹೋದಳು. ಅಕ್ಕ ಬಿಡಲಿಲ್ಲ. "ಅದೇನೇ ನುಂಗಿಕೊಂಡೆ?"

"ಅದೂ... ಅಲ್ಲೇ ಏನಾದ್ರೂ ಆದ್ರೆ ವಾಪಸು ತರೋದು. ಇಲ್ಲಾಂದ್ರೆ ಅಲ್ಲೇ ಮಣ್ಣು ಮಾಡೋದು. ಎರಡರಲ್ಲಿ ಒಂದು."

"ಅಲ್ಲೇ ಮಾಡೋದಕ್ಕೆ ಹಾಕು."

"ಅಮ್ಮಾ!"

"ಜೀವಮಾನವೆಲ್ಲ ಕೇಳಿದೋರಿಗೆ ಚೀಲ ವಾಪಸು ಕೊಟ್ಟಿದೀನಿ. ನನ್ನನ್ನ ಯಾರೂ ವಾಪಸು ಕೇಳೋದು ಬೇಡ. ನಿಮ್ಮಪ್ಪನ ಪಕ್ಕ ಮಲಗಿದ್ದು ಸಾಕು ನಂಗೆ." ಆಮೇಲೆ ಚಿಕ್ಕಮ್ಮನ ತೊಡೆ ಚಿವುಟಿದ್ದಳು. "ನೀನೇ ಕಣೇ ಸಾಕ್ಷಿ."

"ಆಯ್ತು ಮಾರಾಯ್ತಿ," ಅಂದಿದ್ದಳು ಚಿಕ್ಕಮ್ಮ.

*

"ಹೇಳು ಚಿಕ್ಕಮ್ಮ," ಅಣ್ಣ ಎದುರು ಬಂದು ಕುಕ್ಕರಗಾಲಲ್ಲಿ ಕುಳಿತ. ಕೋಪವೆಲ್ಲ ಇಳಿದು ಅವನ ಮುಖ ಮಗುವಿನದಾಗಿತ್ತು. "ಅಮ್ಮ ಹಂಗಂದಳಾ?"

ಹೌದೆಂದರೆ ವ್ಯಾನು ಮಾರಿದ್ದು ಅಕ್ಕನಿಗೆ ಮಾಡಿದ ದ್ರೋಹವಾಗುತ್ತದೆ. ಹೌದೆಂದರೆ ಹಿಂದಿನ ಕೋಣೆಯೂ ಉಳಿಯಲಿಕ್ಕಿಲ್ಲ. ಇವೆರಡರಲ್ಲಿ ತನ್ನ ನಾಲಿಗೆ ಕಟ್ಟಿದ್ದು ಯಾವುದೆಂದು ಚಿಕ್ಕಮ್ಮನಿಗೇ ತಿಳಿಯಲಿಲ್ಲ.

"ನಂಗೆ... ಏನೂ ನೆನಪಿಲ್ಲಪ್ಪ."

ತಂಗಿ ಅವಳನ್ನು ಬೈಯಲಿಲ್ಲ. ಸುಮ್ಮನೆ ನೋಡಿದಳು. ಅದಕ್ಕಿಂತ ಎರಡು ಬಾರಿಸಿದ್ದರೆ ವಾಸಿಯಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಆಳು ಚಕ್ರದ ಚೀಲ ಹಿಡಿದು ನಿಂತಿದ್ದ. "ವಿಮಾನದಲ್ಲಿ ಬರ್ತಾ ದಾರಿ ತಪ್ಪಿತ್ತಂತೆ. ವಿಮೆ ಇತ್ತಲ್ಲ, ಮನೆಗೇ ತಲುಪಿಸು ಅಂದ್ರು. ಯಾರ ಕೈಗೆ..." ಪೆಟ್ಟಿಗೆ ಕಂಡದ್ದೇ ಟೋಪಿ ತೆಗೆದ.

ಚೀಲದ ಹಿಡಿಗೆ ಕೆಂಪು ದಾರ, ಅದೇ ಗಂಟು.

"ನನ್ನ ಕೈಗೆ," ಅಂದಳು ತಂಗಿ. ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು ಒಂದು ಗಳಿಗೆ ನಿಂತಳು. ಆಮೇಲೆ ಚೀಲ ಎಳೆದುಕೊಂಡು ಹೊರಟಳು.

"ಮಣ್ಣಿಗೆ ನಿಲ್ಲದೆ ಹೋದ್ರೆ ಈ ಹೊಸ್ತಿಲು ಮತ್ತೆ ತುಳೀಬೇಡ!"

ಅವಳು ತಿರುಗಲಿಲ್ಲ. ಚಕ್ರದ ಸದ್ದು ಬೀದಿಯ ತಿರುವಿನವರೆಗೆ ಕೇಳಿಸಿ ನಿಂತಿತು.

ಚಿಕ್ಕಮ್ಮ ಬಾಗಿಲಿಗೆ ಬಂದಳು. ಚೀಲದ ಹೊರಜೇಬು ಹರಿದಿರಬೇಕು; ಹೊಸ್ತಿಲ ಬಳಿ ಒಂದು ಹಿಡಿ ಮರಳು ಸುರಿದಿತ್ತು. ದೋಣಿಯಿಂದಿಳಿದ ಅಕ್ಕ ಚಿಕ್ಕ ಹುಡುಗಿಯಂತೆ ಬೊಗಸೆಯಲ್ಲಿ ತುಂಬಿ ಆ ಜೇಬಿಗೆ ಸುರಿದುಕೊಂಡ ಕಡಲ ಮರಳು. "ಇಷ್ಟು ಮಾತ್ರ ಮನೆಗೆ ಬರಲಿ," ಎಂದು ನಕ್ಕು ಬೆಂಚಿಗೊರಗಿದವಳು ಮತ್ತೆ ಏಳಲೇ ಇಲ್ಲ.

ಅಣ್ಣನ ಹೆಂಡತಿ ಪೊರಕೆ ಹಿಡಿದು ಬಂದಳು. "ಸ್ವಲ್ಪ ಸರೀರಿ ಚಿಕ್ಕತ್ತೆ. ಪೆಟ್ಟಿಗೆ ಎತ್ತುತಾರೆ, ಯಾರಾದ್ರೂ ಜಾರಿಯಾರು."

ಚಿಕ್ಕಮ್ಮ ಮರಳಿನ ಮೇಲೆ ಎರಡೂ ಪಾದ ಊರಿ ನಿಂತಳು. ಹೊತ್ತವರು ಪೆಟ್ಟಿಗೆಯನ್ನು ಓರೆ ಮಾಡಿ ಅವಳನ್ನು ಬಳಸಿಕೊಂಡು ಹೊರಗೆ ದಾಟಿಸಬೇಕಾಯಿತು.