ನೀರಿಗೆ ಬಿಟ್ಟ ಬಳ್ಳಿ

ಇಬ್ಬರ ಹೊಲದ ನಡುವಿನ ಬದುವಿಗೆ ತಮ್ಮ ಬರುವಷ್ಟರಲ್ಲಿ ಅಣ್ಣ ತನ್ನ ಹೊಲದ ತುಂಬ ಒಣಹುಲ್ಲು ಹರಡಿ, ಡೀಸೆಲ್ ಕ್ಯಾನಿನ ಮುಚ್ಚಳ ತಿರುಗಿಸುತ್ತಿದ್ದ. ಬೀಜಕ್ಕೆಂದೇ ಬಿಟ್ಟಿದ್ದ ಕುದುರೆಮೆಂತೆ ಮೇವು. ಕಾಯಿ ಬಲಿತು ಕಂದು ತಿರುಗಿತ್ತು. ಇನ್ನೇನು ಕೊಯ್ಲು. ಅಂಥ ಹೊಲಕ್ಕೆ ಯಾರಾದರೂ ಬೆಂಕಿ ಇಡುತ್ತಾರೆಯೇ?

"ನೋಡಿಲ್ಲಿ," ಎಂದು ಅಣ್ಣ ಒಂದು ಗಿಡ ಬಗ್ಗಿಸಿ ತೋರಿಸಿದ. ಎಲೆಯಿಲ್ಲದ ಹಳದಿ ಬಳ್ಳಿ, ಹೊಲಿಗೆ ದಾರದಷ್ಟು ಸಣ್ಣದು, ಕಾಂಡಕ್ಕೆ ಸುತ್ತಿಕೊಂಡು ರಸ ಹೀರುತ್ತಿತ್ತು. "ಕಾಲುವೆ ಬಾಯಿಂದ ನಡುಹೊಲದವರೆಗೂ ಹಬ್ಬಿಬಿಟ್ಟಿದೆ. ಎಲ್ಲಿಂದ ಬಂತೋ ಗೊತ್ತಿಲ್ಲ ಕಣೋ."

ತಮ್ಮನಿಗೆ ಗೊತ್ತಿತ್ತು.

ಹೂ ಬಿಡುವ ಕಾಲದಲ್ಲಿ ಆ ಬಳ್ಳಿ ಮೊದಲು ಕಂಡದ್ದು ಅವನ ಹೊಲದಲ್ಲಿ. ಬೀಜ ಬೆಳೆಯುವವರಲ್ಲಿ ಒಂದು ಕಟ್ಟಳೆಯಿದೆ: ಅದನ್ನು ಕಿತ್ತು ಸಾಗಿಸಬಾರದು, ಕಂಡಲ್ಲೇ ಗಿಡದ ಸಮೇತ ಸುಡಬೇಕು. ತುಂಡು ಬಿದ್ದಲ್ಲಿ ಮತ್ತೆ ಹಬ್ಬುತ್ತದೆ. ಆದರೆ ಹೊಗೆ ಎದ್ದರೆ ಸುತ್ತಲಿನವರಿಗೆಲ್ಲ ಸುದ್ದಿ. ಆಮೇಲೆ ಆ ಹೊಲದ ಬೀಜವನ್ನು ದನ ಸಾಕುವವರು ಮೂಸಿಯೂ ನೋಡುವುದಿಲ್ಲ. ಮಾನಕ್ಕೆ ಅಂಜಿದ ಮಹಾಶಯ ಬಳ್ಳಿಯನ್ನು ಕಿತ್ತು, ತಬ್ಬಿಕೊಂಡು ಹೋಗಿ ಕಾಲುವೆಗೆ ಎಸೆದು, ಸದ್ಯ ಪೀಡೆ ತೊಲಗಿತು ಅಂದುಕೊಂಡ. ಆ ನೀರು ಮುಂದೆ ಅಣ್ಣನ ಹೊಲಕ್ಕೇ ಹೋಗುತ್ತದೆ ಎಂಬುದು ಆ ಹೊತ್ತಿಗೆ ಅವನಿಗೆ ಹೊಳೆಯಲೇ ಇಲ್ಲ.

"ಹಬ್ಬಿರೋ ಕಡೆ ಮಾತ್ರ ಸುಟ್ರೆ ಸಾಲದಾ?" ಎಂದ.

"ಬಳ್ಳಿ ಆಗಲೇ ಬೀಜ ಉದುರಿಸಿದೆ. ಮಣ್ಣಲ್ಲಿ ವರ್ಷಗಟ್ಟಲೆ ಸುಮ್ಮನೆ ಕೂತಿರುತ್ತೆ ಅದು. ಇದನ್ನ ಕೊಯ್ದು ಮಾರಿದ್ರೆ ಎಷ್ಟು ಜನರ ಹೊಲ ಹಾಳು ಮಾಡಿದ ಹಾಗಾಗುತ್ತೆ ಹೇಳು." ಅಣ್ಣ ಕೈಲಿದ್ದ ಗಿಡ ಬಿಟ್ಟು ಕ್ಯಾನ್ ಎತ್ತಿಕೊಂಡ. "ನಿಮ್ಮತ್ತಿಗೆ ಬೆಳಗ್ಗೆಯಿಂದ ಬಾಯಿಗೆ ನೀರೂ ಹಾಕಿಲ್ಲ. ನಿನ್ನದಾದ್ರೂ ಉಳೀಲಿ ಅಂತ ಧೈರ್ಯ ಮಾಡಿದೀನಿ. ನನ್ನಿಂದ ನಿನಗೆ ಅಂಟೋದು ಬೇಡ."

ತಮ್ಮನಿಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಅನಿಸಿತು. ಆದರೆ ಈಗ ಬಾಯಿ ಬಿಟ್ಟರೆ ತನ್ನ ಹೊಲಕ್ಕೂ ಇದೇ ಡೀಸೆಲ್.

"ಅಣ್ಣಾ," ಎಂದ.

ಅಣ್ಣ ತಿರುಗಿ ನೋಡಿದ.

"ಗಾಳಿ ನನ್ನ ಹೊಲದ ಕಡೆಗಿದೆ."

"ಅದಕ್ಕೇ ನಿನ್ನ ಕರೆಸಿದ್ದು. ಒದ್ದೆ ಗೋಣಿಚೀಲ ಹಿಡ್ಕೊಂಡು ಬದುವಿನ ಮೇಲೆ ನಿಂತ್ಕೋ. ಆ ಕಡೆ ಕಿಡಿ ಬೀಳದ ಹಾಗೆ ನೋಡ್ಕೋ."

ಬೆಂಕಿ ಮೊದಲು ಹಿಂದೆಮುಂದೆ ನೋಡಿದಂತೆ ಮಾಡಿ, ಆಮೇಲೆ ಒಮ್ಮೆಲೇ ಹತ್ತಿಕೊಂಡಿತು. ಬಲಿತ ಕಾಯಿಗಳು ಚಟಚಟನೆ ಸಿಡಿಯತೊಡಗಿದವು. ಹೊಗೆಯಾಚೆ ಅಣ್ಣ ಒಮ್ಮೆ ಕಂಡರೆ ಒಮ್ಮೆ ಕಾಣುತ್ತಿರಲಿಲ್ಲ.

ಒಂದು ಕಿಡಿ ಹಾರಿ ಬಂದು ತಮ್ಮನ ಹೊಲದೊಳಗೆ ಬಿತ್ತು. ಅವನು ಅಲ್ಲಿಗೆ ಓಡಿದ. ಒಣಗಿದ ಎಲೆಗೆ ಉರಿ ತಾಗಿ ಅಂಗೈಯಗಲ ಬೆಳಕಾಗಿತ್ತು. ಆ ಬೆಳಕಿನಲ್ಲಿ ಗಿಡದ ಬುಡದಿಂದ ಬುಡಕ್ಕೆ ಹಾದುಹೋದ ಹಳದಿ ಎಳೆಗಳು ಕಂಡವು. ಗೋಣಿಚೀಲ ಎತ್ತಿದವನು ಹಾಗೇ ನಿಂತ.

"ಬಿತ್ತೇನೋ ಕಿಡಿ?" ಅಣ್ಣ ಆ ಕಡೆಯಿಂದ ಗಾಬರಿಯಲ್ಲಿ ಕೂಗಿದ.

ತಮ್ಮ ಗೋಣಿಚೀಲವನ್ನು ಉರಿಯ ಮೇಲೆ ಹಾಕಿ ಎರಡೂ ಕಾಲಿನಿಂದ ತುಳಿದ.

"ಆರಿಸಿದೆ, ಅಣ್ಣಾ," ಎಂದ.

ಚೀಲದಡಿಯಿಂದ ಸ್ವಲ್ಪ ಹೊತ್ತು ಹಬೆ ಏಳುತ್ತಿತ್ತು. ಆಮೇಲೆ ಅದೂ ನಿಂತಿತು.