ಹುಳದ ಮನೆಗೆ ಬಂದ ಮಲ್ಲಿಗೆ

ನಮ್ಮ ದಿಬ್ಬೂರಹಳ್ಳಿಯ ಮನೆಯಲ್ಲಿ ರೇಷ್ಮೆಹುಳಕ್ಕೆ ಸಿಗುತ್ತಿದ್ದ ಮರ್ಯಾದೆ ಮನುಷ್ಯರಿಗೆ ಸಿಗುತ್ತಿರಲಿಲ್ಲ. ನಡುಮನೆಯ ತುಂಬ ಹುಳದ ತಟ್ಟೆಗಳು, ನಾವು ಮಲಗುತ್ತಿದ್ದುದು ಜಗಲಿಯ ಮೇಲೆ. ಹುಳ ಇದ್ದಾಗ ಒಗ್ಗರಣೆ ಹಾಕುವಂತಿಲ್ಲ, ಬೀಡಿ ಸೇದುವಂತಿಲ್ಲ, ಹೂವು ಮುಡಿಯುವಂತಿಲ್ಲ. ವಾಸನೆ ತಗುಲಿದರೆ ಹುಳ ಸಾಯುತ್ತದೆ ಎಂದು ನಂಬಿಕೆ. ಒಂದು ಬೆಳೆ ಮುಗಿಯುವಷ್ಟರಲ್ಲಿ ಇನ್ನೊಂದು ಶುರುವಾಗುತ್ತಿತ್ತು. ಹಾಗಾಗಿ ನಮ್ಮಮ್ಮ ರಾಮಲಕ್ಷ್ಮಮ್ಮ, ಗಂಡ ಗುಂಡುಕಲ್ಲಿನ ಹಾಗೆ ಇದ್ದರೂ, ತಲೆಗೆ ಒಂದೆಳೆ ಹೂವಿಲ್ಲದೆ ಬದುಕಿದಳು.

ಇದಕ್ಕೊಂದು ಹಳೆಯ ಕಥೆಯಿತ್ತು. ಮದುವೆಯಾದ ವರ್ಷ ಅಮ್ಮ ಒಮ್ಮೆ ಮಲ್ಲಿಗೆ ಮುಡಿದಿದ್ದಳಂತೆ. ಅದೇ ವಾರ ಹುಳವೆಲ್ಲ ಕಪ್ಪಾಗಿ ಸತ್ತವು. ಅಜ್ಜಿ ಅಕ್ಕಯ್ಯಮ್ಮ ಸಾಯುವ ತನಕ, "ನನ್ನ ಸೊಸೆ ಹೂವಿನ ಶೋಕಿಗೆ ಬೆಳೆ ನುಂಗಿದ್ಲು" ಎಂದು ಊರೆಲ್ಲ ಸಾರಿದಳು. ಅಮ್ಮ ತುಟಿ ಬಿಚ್ಚಲಿಲ್ಲ. ಅಪ್ಪ ಮುನಿನಾರಾಯಣಪ್ಪನೂ ಬಿಚ್ಚಲಿಲ್ಲ. ಹೊಲ, ಹುಳದ ಹಿಪ್ಪುನೇರಳೆ ಸೊಪ್ಪು, ಊಟ, ಅಷ್ಟೇ ಅವನ ಪ್ರಪಂಚ. ಇಂಥವನ ಜೊತೆ ಅಮ್ಮ ಹೇಗೆ ಬಾಳಿದಳೋ ಎಂದು ನನಗೆ ಸಿಟ್ಟೇ ಬರುತ್ತಿತ್ತು.

ಅರವತ್ತೆರಡನೆಯ ವಯಸ್ಸಿನಲ್ಲಿ ಅಮ್ಮ ಹಾಸಿಗೆ ಹಿಡಿದಳು. ಡಾಕ್ಟರು ಕೈಚೆಲ್ಲಿದರು. ನಾನು ಚಿಂತಾಮಣಿಯ ಗಂಡನ ಮನೆಯಿಂದ ಬಂದೆ. ಹುಳ ಮೇವು ಬಿಟ್ಟು ಹಣ್ಣಾಗುತ್ತಿದ್ದವು, ಇನ್ನೇನು ಚಂದ್ರಿಕೆಯ ಬಿದಿರು ತಟ್ಟಿಗೆ ಬಿಟ್ಟರೆ ಗೂಡು ಕಟ್ಟುತ್ತವೆ. ಕಣ್ಣೆದುರಿಗೇ ಹುಳ ಇರಬೇಕೆಂದು ಅಮ್ಮನ ಹಟ. ನಡುಮನೆಯ ಮೂಲೆಯಲ್ಲೇ ಹಾಸಿಗೆ ಹಾಸಿದ್ದೆವು.

ಸಂತೆಯ ದಿನ ಸಂಜೆ ಅಪ್ಪ ಶಿಡ್ಲಘಟ್ಟದಿಂದ ಬಂದವನೇ ಕಾಲು ತೊಳೆದು ನೇರ ಒಳಗೆ ನಡೆದ. ಕೈಯಲ್ಲಿ ಬಾಳೆಲೆಯ ಪೊಟ್ಟಣ. ಬಿಚ್ಚಿದ್ದೇ ತಡ, ಮಲ್ಲಿಗೆಯ ಘಮ ಮನೆಯೆಲ್ಲ ತುಂಬಿತು.

"ಅಪ್ಪಾ, ಹುಳ!" ಎಂದು ಕೂಗಿದೆ.

ಅವನು ತಿರುಗಲೂ ಇಲ್ಲ. ಅಮ್ಮನಿಗೆ ಹೂವು ಮುಡಿಸಿದ.

"ಆವತ್ತೂ ಹೂವು ತಂದಿದ್ದು ನಾನೇ ಅಂತ ನಮ್ಮಮ್ಮಂಗೆ ಹೇಳ್ಬೇಕಾಗಿತ್ತು ಕಣೇ. ಹೆದರ್ಕೊಂಡೆ," ಎಂದ.

ಆ ಹೂವು ತಂದವರು ಯಾರೆಂದು ಅಮ್ಮ ನನಗೂ ಹೇಳಿರಲಿಲ್ಲ.

"ಇವತ್ತಲ್ಲ ನಾಳೆ ಹೇಳ್ತೀರ ಅಂತ ಕಾಯ್ತಿದ್ದೆ," ಎಂದಳು ಅಮ್ಮ. ಆಮೇಲೆ ಗಾಬರಿಯಾಗಿ, "ಕಿಟಕಿ ತೆಗೀರಿ, ಹುಳಕ್ಕೆ ಗಾಳಿ ಆಡ್ಲಿ."

"ಹೋದ್ರೆ ಹೋಗ್ಲಿ ಬಿಡು."

ಅಮ್ಮ ನಕ್ಕಳು. ಎಷ್ಟೋ ಕಾಲದ ಮೇಲೆ ಹಾಗೆ ನಕ್ಕಿದ್ದಳು. "ಚೆನ್ನಾಗೈತೇನೇ ಆಂಜಿನಮ್ಮ?" ಎಂದು ನನ್ನನ್ನು ಕೇಳಿದಳು. ಹೂಂ ಎಂದು ತಲೆಯಾಡಿಸಿದೆ.

ಬೆಳಗಾಗುವಷ್ಟರಲ್ಲಿ ಅಮ್ಮ ಹೋಗಿಬಿಟ್ಟಳು. ಹೂವು ಇನ್ನೂ ಬಾಡಿರಲಿಲ್ಲ.

ಹೂವೂ ತಗುಲಿತು, ಸೂತಕವೂ ತಗುಲಿತು, ಈ ಬೆಳೆಯ ಆಸೆ ಬಿಡಿ ಎಂದರು ಊರವರು. ಆದರೂ ಪಕ್ಕದ ಮನೆಯ ಬಯ್ಯಪ್ಪ ಹುಳವನ್ನು ಆರಿಸಿ ಚಂದ್ರಿಕೆಗೆ ಬಿಟ್ಟ. ಅಪ್ಪ ಆ ಕಡೆ ತಲೆ ಹಾಕಲಿಲ್ಲ. ಅತ್ತಿರಲೂ ಇಲ್ಲ.

ಕೆಲವು ದಿನಗಳ ಮೇಲೆ ಬಯ್ಯಪ್ಪನೇ ಕರೆದು ತೋರಿಸಿದ. ಚಂದ್ರಿಕೆಯ ತುಂಬ ಹಳದಿ ಗೂಡುಗಳು, ಬೆರಳಿಡಲು ಜಾಗವಿಲ್ಲ. "ಇಂಥ ಬೆಳೆ ನಾನು ನೋಡೇ ಇಲ್ಲ ಕಣಣ್ಣ," ಎಂದ.

ಬೆಳೆ ಹಾಳಾಗಿದ್ದರೆ ಅಪ್ಪ ತಡೆದುಕೊಳ್ಳುತ್ತಿದ್ದನೇನೋ. ಅಲ್ಲೇ ಕುಸಿದು ಕೂತು, ಟವಲು ಬಾಯಿಗೊತ್ತಿಕೊಂಡು ಅಳತೊಡಗಿದ.

"ಒಂದು ಹುಳಾನೂ ಸಾಯ್ಲಿಲ್ವಲ್ಲಮ್ಮ," ಎಂದ ನನ್ನ ಮುಖ ನೋಡುತ್ತ. "ದಿನಾ ಮುಡಿಸ್ಬೋದಾಗಿತ್ತು."