ಉಳಿದ ಜೊತೆ

"ಇದು ಎರಡು ಸಲ ಬಿದ್ದಿದೆ, ಒಂದನ್ನ ತೆಗೆದುಬಿಡಿ ಮೇಡಂ," ಎಂದ ಪಕ್ಕದ ಕುರ್ಚಿಯವನು. ಒಂದೇ ಚಪ್ಪಲಿ ಅಂಗಡಿ, ಒಂದೇ ದಿನ, ಒಂದೇ ಮೊತ್ತ. "ಮೆಷಿನ್ ಕೈಕೊಟ್ಟಿರುತ್ತೆ."

ಅವಳು ತೆಗೆಯಲಿಲ್ಲ. ಬ್ಯಾಂಕಿನ ಗ್ರಾಹಕರ ಖರ್ಚಿನ ವಿವರ ಸಂಜೆಯೊಳಗೆ ಹೊರಗಿನ ಕಂಪನಿಗೆ ಹೋಗಬೇಕು. ಹೆಸರು, ವಿಳಾಸ, ಫೋನು ಎಲ್ಲ ಅಳಿಸಿಯಾಗಿತ್ತು. ಇಷ್ಟಾದ ಮೇಲೂ ಯಾರದಾದರೂ ಗುರುತು ಹತ್ತುತ್ತದೆಯೇ ಎಂದು ನೋಡುವುದೇ ಅವಳ ಕೆಲಸ. ಸಂಬಳ ತೆಗೆದುಕೊಂಡು ಕಳ್ಳಿಯ ಹಾಗೆ ಇಣುಕುವುದು. ಈ ಖಾತೆಯಲ್ಲಿ ಹೋದ ವರ್ಷವೂ ಹೀಗೇ, ಅದರ ಹಿಂದಿನ ವರ್ಷವೂ. ಎರಡರ ನಡುವೆ ಪ್ರತಿಸಲ ಅರ್ಧ ಗಂಟೆ. ಮೆಷಿನ್ ಅಷ್ಟು ಹೊತ್ತು ಕಾದು ಕೈಕೊಡುತ್ತದೆಯೇ? ಇಷ್ಟು ದಿನ ಒಬ್ಬರೂ ಸಿಕ್ಕದವಳಿಗೆ ಹೋಗಿ ಹೋಗಿ ಸ್ವಂತ ಅಕ್ಕ ಸಿಕ್ಕಿದ್ದಳು!

ಅಕ್ಕನ ಎಡಗಾಲು ಬಲಗಾಲಿಗಿಂತ ಒಂದಳತೆ ದೊಡ್ಡದು. ಎರಡಳತೆಯ ಎರಡು ಜೊತೆ ಕೊಳ್ಳಬೇಕು, ಹೇಳಿಕೊಳ್ಳಲು ನಾಚಿಕೆ. ಒಂದು ಜೊತೆ ತಾನು ತಂದು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದಕ್ಕೆ ತಂಗಿಯನ್ನು ಅಟ್ಟುತ್ತಿದ್ದಳು. "ಹೋಗೇ, ನಮ್ಮಮ್ಮಂಗೆ ಅನ್ನು. ಅಲ್ಲಿ ಕಿಸಕ್ ಅಂದ್ಯೋ, ನೋಡು ಮತ್ತೆ!" ಉಳಿದ ಅಡ್ಡಾದಿಡ್ಡಿ ಜೊತೆ ತಂಗಿಯ ಆಟಕ್ಕೆ; ಅಕ್ಕ ಚಪ್ಪಲಿ ತಂದ ದಿನ ಮನೆಯೆಲ್ಲ ಅದರದೇ ಚಟಪಟ. ಅಪ್ಪನ ಜೊತೆ ಜಗಳವಾಡಿ ಮನೆ ಬಿಟ್ಟವಳದು ಆಮೇಲೆ ಪತ್ತೆಯಿಲ್ಲ. ಈಗ ಎರಡು ಸಲವೂ ಪಾಪ ತಾನೇ ಹೋಗುತ್ತಿದ್ದಾಳೆ. ನಡುವಿನ ಅರ್ಧ ಗಂಟೆ ಎಲ್ಲಿ ನಿಂತಿರುತ್ತಾಳೋ.

ತಂಗಿ ಎದ್ದು ಮೇಲಧಿಕಾರಿಯ ಕೋಣೆಗೆ ಹೋಗಿ ಹೇಳಿದಳು. "ಸರ್, ಒಬ್ರ ಗುರುತು ಸಿಕ್ತು. ನಮ್ಮಕ್ಕ."

ಅವರಿಗೆ ಮನೆಯ ಕಥೆ ಗೊತ್ತಿತ್ತು. ಅಸಲಿ ಫೈಲು ತೆರೆದಿಟ್ಟು ಎದ್ದರು. "ನಾನು ಚಹಾ ಕುಡ್ಕೊಂಡು ಬರ್ತೀನಿ. ವಿಳಾಸ ನೋಡ್ಕೊಳ್ಳಮ್ಮ, ಯಾರಿಗ್ ಗೊತ್ತಾಗುತ್ತೆ?"

ಅವರು ಮರಳಿದಾಗ ಅವಳು ಬಾಗಿಲ ಹೊರಗಿದ್ದಳು.

"ನೋಡ್ಲಿಲ್ವಾ?"

"ನಮ್ಮನೆ ನಂಬರು ಬದಲಾಗಿಲ್ಲ ಸರ್, ಅವಳಿಗೆ ಬಾಯಿಪಾಠ. ಬೇಡ ಅಂತಾನೇ ಇದ್ದಾಳಲ್ಲ, ನಾನು ಕಳ್ಳದಾರೀಲಿ ನುಗ್ಲಾ?" ಅವಳು ಬಾಗಿಲನ್ನು ಎಳೆದು ಮುಚ್ಚಿದಳು. "ನೋಡ್ಬೇಕು ಅಂತ ಜೀವ ಹೋಗ್ತಿದೆ ಸರ್."

ತಾನೇ ಕುಳಿತು ಅಂಗಡಿಗಳ ಹೆಸರು ಅಳಿಸಿದಳು, ದಿನಾಂಕ ತೆಗೆದು ಖರ್ಚನ್ನೆಲ್ಲ ತಿಂಗಳ ಲೆಕ್ಕಕ್ಕೆ ಸೇರಿಸಿದಳು. ಅಕ್ಕ ಸಾವಿರಾರು ಜನರಲ್ಲಿ ಬೆರೆತುಹೋದಳು. ಫೈಲು ಹೋಯಿತು.

ಮನೆಗೆ ಬಂದವಳೇ ಮಂಚದ ಕೆಳಗಿನಿಂದ ಅಕ್ಕ ಬಿಟ್ಟುಹೋದ ಕೊನೆಯ ಉಳಿಕೆ ಜೊತೆಯನ್ನು ಎಳೆದಳು. ಎಡಗಾಲಿನದು ಚಿಕ್ಕದು, ಬಲಗಾಲಿನದು ದೊಡ್ಡದು. ಹಾಕಿಕೊಂಡು ಗೋಡೆಯಿಂದ ಗೋಡೆಗೆ ಚಟಪಟ ನಡೆದಳು.

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು.

"ಯಾರೇ ಅದು?" ಅಮ್ಮ ಒಳಗಿನಿಂದಲೇ ಕೂಗಿದಳು. "ಯಾರು ಬಂದ್ರು?"

"ನಾನೇ ಅಮ್ಮ."

ಸ್ವಲ್ಪ ಹೊತ್ತಾದ ಮೇಲೆ ಸೌಟು ಮತ್ತೆ ಆಡಿತು.